ಬಾಣಂತಿಯ ತಟ್ಟೆ, ಕೂಸಿನ ಹೊಟ್ಟೆ

ನಾವು ಬಾಣಂತನ ಎನ್ನುವುದನ್ನು ಮಲಯಾಳಿಗಳು 'ಪ್ರಸವರಕ್ಷ' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೆತ್ತವಳು ಇದ್ದಾಳೆ, ಅವರ ಮಾತಿನಲ್ಲಿ ಹೆರಿಗೆ ಇದೆ. ಕೂಸು ಎರಡರಲ್ಲೂ ಇಲ್ಲ. ಎಡಪ್ಪಳ್ಳಿಗೆ ಬಂದು ಇಲ್ಲಿನ ಭಾಷೆ ಕಲಿಯುವಾಗ ಇದು ನನಗೆ ಸೋಜಿಗವೆನಿಸಿತ್ತು. ತಾಯಿಯನ್ನು ನೋಡಿಕೊಂಡರೆ ಕೂಸನ್ನು ನೋಡಿಕೊಂಡಂತೆಯೇ ಎಂಬುದು ಎರಡೂ ನಾಡಿನ ಹಿರಿಯರ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಆ ತಾಯಿಯ ತಟ್ಟೆಗೆ ಏನು ಬಡಿಸಬೇಕು, ಕೂಸಿನ ಬಾಯಿಗೆ ಮೊದಲು ಏನು ಹಾಕಬೇಕು ಎನ್ನುವಲ್ಲಿ ದಾರಿಗಳು ಬೇರೆಯಾಗುತ್ತವೆ. ಈ ವ್ಯತ್ಯಾಸ ಬರಿಯ ರುಚಿಯದಲ್ಲ, ಕೆಲವು ಸಲ ಕೂಸಿನ ಪ್ರಾಣದವರೆಗೂ ಹೋಗಿದೆ.

ಮೇಲ್ನೋಟಕ್ಕೆ ಕಾಣುವ ವ್ಯತ್ಯಾಸಗಳು ನಮ್ಮ ಸಂಘದ ಹೆಂಗಸರಿಗೆಲ್ಲ ಗೊತ್ತು. ನಮ್ಮಲ್ಲಿ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನಕ್ಕೆ ತೊಟ್ಟಿಲು, ನಾಮಕರಣ. ಇಲ್ಲಿ ಇಪ್ಪತ್ತೆಂಟನೆಯ ದಿನ 'ಇರುಪತ್ತೆಟ್ಟು ಕೆಟ್ಟು', ಅಂದರೆ ಸೊಂಟಕ್ಕೆ ಕಪ್ಪು ದಾರ ಕಟ್ಟುವ ಶಾಸ್ತ್ರ. ನಮ್ಮ ಉಡಿದಾರವೇ ಇಲ್ಲಿ 'ಅರಞ್ಞಾಣಂ'. ನಮ್ಮ ಬಜೆಯೇ ಇವರ 'ವಯಂಬು'. ಮಲೆನಾಡು, ಕರಾವಳಿಯವರಿಗೆ ಅಡಿಕೆ ಹಾಳೆಯ ಮೇಲೆ ಮಲಗಿಸಿ ಎರೆಯುವುದು ಹೊಸದೇನಲ್ಲ. ಬಯಲುಸೀಮೆಯ ನಮ್ಮ ಅಜ್ಜಿಯರು ಕಾಲು ಚಾಚಿ ಕೂತು, ಕಾಲ ಮೇಲೇ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದರು. ಸಾಂಬ್ರಾಣಿ ಹೊಗೆ, ಕಾಡಿಗೆ, ದೃಷ್ಟಿಬೊಟ್ಟು ಎರಡೂ ಕಡೆ ಉಂಟು. ಜೋಗುಳದ ವಿಷಯಕ್ಕೆ ಬಂದರೆ ಮಲಯಾಳಿಗಳ ಕೈ ಸ್ವಲ್ಪ ಮೇಲೆಯೇ ಎಂದು ಒಪ್ಪಿಕೊಳ್ಳುತ್ತೇನೆ. 1813ರಲ್ಲಿ ತಿರುವನಂತಪುರದ ಅರಮನೆಯಲ್ಲಿ ಸ್ವಾತಿ ತಿರುನಾಳ್ ಹುಟ್ಟಿದಾಗ ಇರಯಿಮ್ಮನ್ ತಂಬಿ ಕಟ್ಟಿದ 'ಓಮನತ್ತಿಂಗಳ್ ಕಿಡಾವೋ' ಇಂದಿಗೂ ಇಲ್ಲಿ ಮನೆಮನೆಯ ಜೋಗುಳ. ಆ ಕೂಸು ಮುಂದೆ ದೊಡ್ಡದಾಗಿ ಕನ್ನಡದಲ್ಲೂ ಕೃತಿ ರಚಿಸಿತು ಎನ್ನುವುದು ನಮ್ಮ ಸಮಾಧಾನಕ್ಕೆ!

ಇನ್ನು ಆಳದ ವ್ಯತ್ಯಾಸಕ್ಕೆ ಬರೋಣ. ಬಾಣಂತನ ಎಲ್ಲಿ ನಡೆಯುತ್ತದೆ? ನಮ್ಮಲ್ಲಿ ತವರುಮನೆಯಲ್ಲಿ. ಏಳನೆಯದೋ ಒಂಬತ್ತನೆಯದೋ ತಿಂಗಳಲ್ಲಿ ಮಡಿಲು ತುಂಬಿಸಿಕೊಂಡು ಬಂದ ಮಗಳು, ಕೂಸಿಗೆ ಮೂರು ಅಥವಾ ಐದು ತಿಂಗಳಾದ ಮೇಲೆ ಗಂಡನ ಮನೆಗೆ ಹಿಂತಿರುಗುತ್ತಾಳೆ. ಅಷ್ಟು ದಿನ ಅವಳು ಏನು ತಿನ್ನಬೇಕು ಎಂದು ತೀರ್ಮಾನಿಸುವವಳು ಅವಳ ತಾಯಿ. ಕೇರಳದ ನಾಯರ್ ಮನೆತನಗಳಲ್ಲಿ, ಮರುಮಕ್ಕತ್ತಾಯಂ ಎಂಬ ತಾಯಿಮೂಲದ ಪದ್ಧತಿ ಗಟ್ಟಿಯಾಗಿದ್ದ ಕಾಲದಲ್ಲಿ, ಹೆಣ್ಣುಮಗಳು ತರವಾಡು ಬಿಟ್ಟು ಹೋಗಬೇಕೆಂದೇ ಇರಲಿಲ್ಲ. ಹೋಗದವಳು ಹಿಂತಿರುಗಿ ಬರುವುದೆಂತು? ಅವಳ ಹೆರಿಗೆಗೆ ಅಜ್ಜಿ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಒಂದೇ ಸೂರಿನಡಿ ಸಿದ್ಧವಾಗಿರುತ್ತಿದ್ದರು. ಇಪ್ಪತ್ತನೆಯ ಶತಮಾನದ ಕಾನೂನುಗಳು ಈ ತರವಾಡುಗಳನ್ನು ಪಾಲು ಮಾಡಿದವು. 1976ರಲ್ಲಿ ಜಾರಿಗೆ ಬಂದ ಕೇರಳದ ಅವಿಭಕ್ತ ಕುಟುಂಬ ರದ್ದತಿ ಕಾಯ್ದೆ ಕೊನೆಯ ಗೆರೆ ಎಳೆಯಿತು. ಇಂದು ಕೊಚ್ಚಿಯಲ್ಲಿ ಎಣ್ಣೆ ತಿಕ್ಕಲು, ವೇದುಕುಳಿಯ ಬಿಸಿನೀರು ಎರೆಯಲು ದಿನಗೂಲಿಗೆ ಹೆಂಗಸರು ಸಿಗುತ್ತಾರೆ, ಪ್ರಸವರಕ್ಷೆಯ ಪ್ಯಾಕೇಜುಗಳೂ ಇವೆ. ತುಂಬಿದ ಮನೆ ಮಾಡುತ್ತಿದ್ದ ಕೆಲಸವನ್ನು ಈಗ ದುಡ್ಡು ಮಾಡುತ್ತಿದೆ. ನಮ್ಮವರಾದರೋ ಇನ್ನೂ ತುಮಕೂರಿನಿಂದಲೋ ಧಾರವಾಡದಿಂದಲೋ ತಾಯಿಯನ್ನೇ ರೈಲು ಹತ್ತಿಸಿ ಕರೆಸಿಕೊಳ್ಳುತ್ತೇವೆ.

ಹೆರಿಗೆ ಮಾಡಿಸುವ ಕೈಗಳ ಚರಿತ್ರೆಯೂ ಹೇಳುವಂಥದ್ದೇ. ನಮ್ಮ ಸೂಲಗಿತ್ತಿ ಇಲ್ಲಿ 'ವಯಟ್ಟಾಟ್ಟಿ'. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ಯಾರು ಮರೆತಾರು? ಒಂದು ಕಾಸು ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೆಸರಾದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ತಿರುವಾಂಕೂರಿನ ಕತೆ ಬೇರೆ ದಾರಿ ಹಿಡಿದದ್ದು ಮೇರಿ ಪುನ್ನನ್ ಲೂಕೋಸ್ ಎಂಬ ಹೆಣ್ಣುಮಗಳಿಂದ. 1886ರಲ್ಲಿ ಹುಟ್ಟಿದ ಆಕೆಗೆ ತಿರುವನಂತಪುರದ ಕಾಲೇಜಿನಲ್ಲಿ ಹೆಣ್ಣೆಂಬ ಕಾರಣಕ್ಕೆ ವಿಜ್ಞಾನ ಓದಲು ಬಿಡಲಿಲ್ಲ. ಇತಿಹಾಸ ಓದಿ ಪದವಿ ಪಡೆದು, ಲಂಡನ್ನಿಗೆ ಹೋಗಿ ವೈದ್ಯೆಯಾಗಿ, 1916ರಲ್ಲಿ ಊರಿಗೆ ಬಂದು ತೈಕ್ಕಾಡಿನ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯ ಹೊಣೆ ಹೊತ್ತರು. ಆಗ ಆಸ್ಪತ್ರೆಯ ಹೆರಿಗೆ ಎಂದರೆ ಜನ ಹೆದರುತ್ತಿದ್ದರು. ಆಕೆ ವಯಟ್ಟಾಟ್ಟಿಗಳನ್ನು ಬೈದು ದೂರ ಇಡಲಿಲ್ಲ, ಅವರ ಮಕ್ಕಳನ್ನೇ ಕರೆದು ಸೂಲಗಿತ್ತಿ ತರಬೇತಿ ಕೊಟ್ಟರು. ಹಳೆಯ ಕೈಗೆ ಇದ್ದ ವಿಶ್ವಾಸವನ್ನು ಕಳೆಯದೆ ಹೊಸ ಶುಚಿತ್ವವನ್ನು ಮನೆಯೊಳಗೆ ಸೇರಿಸಿದ ಈ ಉಪಾಯ ನನಗೆ ಬಹಳ ಹಿಡಿಸುತ್ತದೆ. 1938ರಲ್ಲಿ ಅವರು ತಿರುವಾಂಕೂರಿನ ಸರ್ಜನ್ ಜನರಲ್ ಆದರು. ಭಾರತದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. 1952ರಲ್ಲಿ ತಿರುವನಂತಪುರದಲ್ಲಿ, ಎಳವೆಯಲ್ಲೇ ತೀರಿಕೊಂಡ ರಾಜಕುಮಾರನೊಬ್ಬನ ಹೆಸರಿನಲ್ಲಿ ಶ್ರೀ ಅವಿಟ್ಟಂ ತಿರುನಾಳ್ ಆಸ್ಪತ್ರೆ ತೆರೆಯುವ ಹೊತ್ತಿಗೆ ತಾಯಂದಿರು ತಾವಾಗಿಯೇ ಬರುತ್ತಿದ್ದರು.

ಕೂಸು ಹೊರಗೆ ಬಂದಾಯಿತು. ಬಾಯಿಗೆ ಮೊದಲು ಏನು?

ಈ ಪ್ರಶ್ನೆಗೆ ನಮ್ಮ ಆಯುರ್ವೇದದಲ್ಲೇ ಎರಡು ಉತ್ತರಗಳಿವೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಚರಕ ಸಂಹಿತೆಯ ಪ್ರಕಾರ ಮಂತ್ರಿಸಿದ ಜೇನು ತುಪ್ಪ ನೆಕ್ಕಿಸಿದ ಕೂಡಲೇ ಮೊದಲು ಬಲ ಮೊಲೆಯನ್ನು ಕೊಡಬೇಕು. ಸುಶ್ರುತ ಮತ್ತು ವಾಗ್ಭಟರ ಮಾತು ಬೇರೆ. ಹೆತ್ತವಳ ಹಾಲು ಇಳಿಯುವುದೇ ಮೂರು ನಾಲ್ಕು ರಾತ್ರಿ ಕಳೆದ ಮೇಲೆ, ಆದ್ದರಿಂದ ಅಲ್ಲಿಯವರೆಗೆ ಜೇನು, ತುಪ್ಪ, ಮೂಲಿಕೆಯ ತುಪ್ಪ ಕೊಡಿ ಎಂದು ಅವರು ಹೇಳುತ್ತಾರೆ. ಕೇರಳದ ಅಷ್ಟವೈದ್ಯರು ಬಾಯಿಪಾಠ ಮಾಡುತ್ತಿದ್ದುದು ವಾಗ್ಭಟನ ಅಷ್ಟಾಂಗಹೃದಯವನ್ನೇ. ಆ ಮೂರು ದಿನ ಬರುವ ಹಳದಿ ಬಣ್ಣದ ಮಂದ ಗಿಣ್ಣುಹಾಲನ್ನು ಹಾಲೆಂದೇ ಎಣಿಸದೆ ಹಿಂಡಿ ಚೆಲ್ಲುವ ರೂಢಿ ನಮ್ಮ ನಾಡಿನಲ್ಲೂ ಬೇಕಾದಷ್ಟು ಇತ್ತು. ನಮ್ಮಲ್ಲಿ ಸಕ್ಕರೆ ನೀರು, ಹರಳೆಣ್ಣೆಯ ತೊಟ್ಟು, ತೇಯ್ದ ಬಜೆ. ಇಲ್ಲಿ ಜೇನಿನಲ್ಲಿ ತೇಯ್ದ ಚಿನ್ನ ಮತ್ತು ವಯಂಬು. ಇದನ್ನು ಹಿಂದೂಗಳಷ್ಟೇ ಅಲ್ಲ, ಸಿರಿಯನ್ ಕ್ರೈಸ್ತರೂ ತಪ್ಪದೆ ಮಾಡುತ್ತ ಬಂದವರು. ಮುಸ್ಲಿಮರಲ್ಲಿ ಖರ್ಜೂರದ ರಸ ಮುಟ್ಟಿಸುವ ಸಂಪ್ರದಾಯವಿದೆ.

ಹಸುವಿನ ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಕಾಯಿಸಿ ಬಾಯಿ ಚಪ್ಪರಿಸುವ ನಾವು, ಮನುಷ್ಯರ ಗಿಣ್ಣನ್ನು ಮಾತ್ರ ಏಕೆ ಚೆಲ್ಲಿದೆವೋ! ರೋಗ ತಡೆಯುವ ಕಣಗಳು ಅತಿ ಹೆಚ್ಚು ಇರುವುದು ಆ ಹಾಲಿನಲ್ಲೇ. ಜೇನಿನಲ್ಲಿಯೋ, ಬಾಟುಲಿಸಂ ತರುವ ಸೂಕ್ಷ್ಮಜೀವಿಯ ಬೀಜಕಗಳು ಇರಬಹುದಾದ್ದರಿಂದ ವರ್ಷ ತುಂಬುವವರೆಗೆ ಕೂಸಿಗೆ ಅದು ಬೇಡ ಎಂದು ಇಂದಿನ ವೈದ್ಯರು ಕಟ್ಟುನಿಟ್ಟಾಗಿ ಹೇಳುತ್ತಾರೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕೇರಳವನ್ನು ಶಿಶುಸ್ನೇಹಿ ರಾಜ್ಯವೆಂದು ಗುರುತಿಸಿದವು. ತಾಯಿಹಾಲಿಗೆ ಆಸ್ಪತ್ರೆಗಳು ಕೊಟ್ಟ ಬೆಂಬಲಕ್ಕೆ ಸಿಕ್ಕ ಮನ್ನಣೆ ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕುಡಿದ ಮಕ್ಕಳು ಕೇರಳದಲ್ಲಿ ಮೂರರಲ್ಲಿ ಎರಡು ಪಾಲು, ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧ. ಆದರೆ ಆರು ತಿಂಗಳವರೆಗೆ ಬರೀ ತಾಯಿಹಾಲಿನಲ್ಲೇ ಬೆಳೆಯುವ ಕೂಸುಗಳ ಲೆಕ್ಕದಲ್ಲಿ ಕರ್ನಾಟಕವೇ ಸ್ವಲ್ಪ ಮುಂದಿದೆ. ನಾವು ಬೀಗಬಹುದು. ಆದರೆ ಬೀಗುವ ಮೊದಲು ಆ ಹಾಲು ಯಾವ ಊಟದಿಂದ ಬಂತು ಎಂದು ನೋಡಬೇಕು.

ನನ್ನ ತಂಗಿಯ ಬಾಣಂತನ ಎಡಪ್ಪಳ್ಳಿಯ ನಮ್ಮ ಮನೆಯಲ್ಲೇ ಆಯಿತು. ಅಮ್ಮ ತುಮಕೂರಿನಿಂದ ಬರುವಾಗ ಚೀಲದಲ್ಲಿ ಹಳೇ ಸಣ್ಣಕ್ಕಿ, ಮೆಣಸು, ಬೆಳ್ಳುಳ್ಳಿ, ಒಣಕೊಬ್ಬರಿ, ತುಪ್ಪ ತಂದಿದ್ದರು. ಎರಡು ಹೊತ್ತೂ ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನಂಜು, ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆ. ಪಕ್ಕದ ಮನೆಯ ಚೇಚಿ ಮೂರನೆಯ ದಿನವೇ ಉಳ್ಳಿಲೇಹ್ಯದ ಡಬ್ಬಿ, ಮೆಂತೆ ಹಾಕಿದ ಮಟ್ಟ ಅಕ್ಕಿ ಗಂಜಿ ಹಿಡಿದು ಬಂದರು. ಅಮ್ಮ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಹಸಿ ಬಾಣಂತಿಗೆ ಕೆಂಪಕ್ಕಿ ಗಂಜೀನಾ? ಅರಗಲ್ಲ ಕಣೇ, ಮಗೀಗೆ ಹೊಟ್ಟೆನೋವು ಬರುತ್ತೆ" ಎಂದರು. ಚೇಚಿಗೆ ಕನ್ನಡ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. "ಅಮ್ಮೇ, ಇದು ತಿಂದೇ ನಾನು ಮೂರು ಹೆತ್ತದ್ದು" ಎಂದು ಮಲಯಾಳದಲ್ಲೇ ಹೇಳಿ ಪಾತ್ರೆ ಇಟ್ಟು ಹೋದರು.

ಅಮ್ಮನಿಗೂ ಚೇಚಿಗೂ ಗೊತ್ತಿಲ್ಲದ ಒಂದು ದೊಡ್ಡ ಚರಿತ್ರೆ ಆ ಪಾತ್ರೆಯಲ್ಲಿತ್ತು. ಅಕ್ಕಿಯ ತವುಡಿನಲ್ಲಿ ಥಯಾಮಿನ್ ಎಂಬ ಬಿ-1 ಜೀವಸತ್ವ ಇರುತ್ತದೆ. ಗಿರಣಿಯಲ್ಲಿ ಬಿಳುಪು ಮಾಡಿದಾಗ ತವುಡಿನ ಜೊತೆ ಅದೂ ಹೋಗುತ್ತದೆ. ಕಡಿಮೆಯಾದರೆ ಬೆರಿಬೆರಿ ರೋಗ, ನರಗಳೂ ಹೃದಯವೂ ಸೋಲುತ್ತವೆ. 1890ರ ದಶಕದಲ್ಲಿ ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಬಿಳಿ ಅಕ್ಕಿಯನ್ನಷ್ಟೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು ಕಂಡುಕೊಂಡರು. ಫಿಲಿಪ್ಪೀನ್ಸಿನಲ್ಲಿ ಎಳೆಗೂಸುಗಳು ಬೆರಿಬೆರಿಯಿಂದ ಸಾಯುತ್ತಿದ್ದವು. ತಾಯಿ ನೋಡಲು ಗಟ್ಟಿಯಾಗಿದ್ದರೂ ಅವಳ ಹಾಲಿನಲ್ಲಿ ಸತ್ವವಿರಲಿಲ್ಲ. 1910ರ ದಶಕದಲ್ಲಿ ಅಲ್ಲಿನ ವೈದ್ಯರು ತವುಡಿನ ಸಾರವನ್ನು ಹನಿಹನಿಯಾಗಿ ಕುಡಿಸಿ ಆ ಕೂಸುಗಳನ್ನು ಉಳಿಸಿದರು.

ನಮ್ಮ ದಕ್ಷಿಣ ಭಾರತದ ಲೆಕ್ಕವನ್ನು ಬಿಡಿಸಿದ್ದು ನೀಲಗಿರಿಯ ಕೂನೂರಿನ ಪ್ರಯೋಗಾಲಯ. ಅದೇ 1958ರಲ್ಲಿ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಮ್ಯಾಕ್‌ಕ್ಯಾರಿಸನ್, ಬಳಿಕ ಏಕ್ರಾಯ್ಡ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗಮನಿಸಿದ ಸಂಗತಿ ಇದು: ಮದರಾಸು ಪ್ರಾಂತ್ಯದಲ್ಲಿ ಬೆರಿಬೆರಿ ಇದ್ದುದು ಮುಖ್ಯವಾಗಿ ಆಂಧ್ರದ ಕರಾವಳಿಯಲ್ಲಿ. ಅಲ್ಲಿ ಗಿರಣಿಯ ಬೆಳ್ತಿಗೆ ಅಕ್ಕಿ ಉಣ್ಣುತ್ತಿದ್ದರು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವ ಮಲಬಾರಿನಂಥ ಕಡೆ ಆ ರೋಗ ಕಾಣಲಿಲ್ಲ. ಭತ್ತ ಬೇಯುವಾಗ ತವುಡಿನ ಸತ್ವ ಕಾಳಿನ ಒಳಗೆ ಇಳಿಯುತ್ತದೆ, ಆಮೇಲೆ ಗಿರಣಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಹೈದರಾಬಾದ್ ಸಂಸ್ಥೆಯ ಹಳೆಯ ಪಟ್ಟಿಯಂತೆ 100 ಗ್ರಾಂ ಬಿಳಿ ಬೆಳ್ತಿಗೆ ಅಕ್ಕಿಯಲ್ಲಿ ಥಯಾಮಿನ್ 0.06 ಮಿಲಿಗ್ರಾಂ, ಗಿರಣಿಯ ಕುಸುಬಲಕ್ಕಿಯಲ್ಲಿ 0.21, ರಾಗಿಯಲ್ಲಿ 0.42. ಚೇಚಿ ತಂದದ್ದು ಕುಸುಬಲಕ್ಕಿ. ತುಮಕೂರಿನ ನಾವು ದಿನವೂ ಉಣ್ಣುವುದು ರಾಗಿ. ಆದರೆ ಬಾಣಂತಿಗೆ ರಾಗಿ ಜಡ ಎಂದು, ಹಬ್ಬದ ಬಿಳಿ ಅನ್ನವನ್ನು ಗೌರವಕ್ಕೆ ಬಡಿಸುತ್ತೇವೆ.

ಇದು ಹಳೆಯ ಕಾಲದ ಮಾತಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಕರ್ನಾಟಕದ ಪ್ರತಿ ಅಜ್ಜಿಗೂ ಓದಿ ಹೇಳಬೇಕು ಅನ್ನಿಸುತ್ತದೆ. ತಾಯಿಹಾಲನ್ನಷ್ಟೇ ಕುಡಿಯುತ್ತಿದ್ದ, ಚೆನ್ನಾಗಿಯೇ ಬೆಳೆಯುತ್ತಿದ್ದ ಕೆಲವೇ ತಿಂಗಳ ಕೂಸುಗಳು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ಏದುಸಿರು ಬಿಡುತ್ತ, ನರಳುತ್ತ ಆಸ್ಪತ್ರೆಗೆ ಬರುತ್ತಿದ್ದವು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿ ಹೃದಯದ ಬಲಭಾಗ ಊದಿಕೊಂಡಿರುತ್ತಿತ್ತು. ತಾಯಂದಿರನ್ನು ಕೇಳಿದರೆ ಬಾಣಂತನದ ಪಥ್ಯ: ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಮಿಕ್ಕಿದ್ದಕ್ಕೆಲ್ಲ ಬೇಡ. ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಬಹುಪಾಲು ಕೂಸುಗಳು ಒಂದೆರಡು ದಿನದಲ್ಲೇ ಚೇತರಿಸಿಕೊಂಡವು. ಎಷ್ಟು ಅಗ್ಗದ ಮದ್ದು! ಗೊತ್ತಾಗದ ಕಾಲದಲ್ಲಿ ಇಂಥ ಎಷ್ಟು ಕೂಸುಗಳು 'ಬಾಲಗ್ರಹ' ಎಂಬ ಹೆಸರಿನಲ್ಲಿ ಹೋದವೋ.

ಹಾಗೆಂದು ಅಜ್ಜಿಯರೆಲ್ಲ ಅಜ್ಞಾನಿಗಳು ಎನ್ನಲು ನಾನು ಸಿದ್ಧಳಿಲ್ಲ. ಪಥ್ಯ ಹುಟ್ಟಿದ ಕಾಲದಲ್ಲಿ ಅಕ್ಕಿಯನ್ನು ಒನಕೆಯಲ್ಲಿ ಕುಟ್ಟುತ್ತಿದ್ದರು, ತವುಡು ಅಷ್ಟಿಷ್ಟು ಉಳಿಯುತ್ತಿತ್ತು. ಗಿರಣಿ ಬಂದು ಅಕ್ಕಿ ಬದಲಾಯಿತು, ಪಥ್ಯ ಮಾತ್ರ ಬದಲಾಗಲಿಲ್ಲ. ಸಾಲದ್ದಕ್ಕೆ ನಾಲ್ಕು ನೀರಿನಲ್ಲಿ ತೊಳೆದು, ಗಂಜಿ ಬಸಿದು, ನೀರಿನಲ್ಲಿ ಕರಗುವ ಆ ಸತ್ವದ ಉಳಿದ ಚೂರನ್ನೂ ಚೆಲ್ಲಿಬಿಡುತ್ತೇವೆ. ಬಾಣಂತಿಯ ಬೆಳ್ಳುಳ್ಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. 1950ರ ದಶಕದ ಆರಂಭದಲ್ಲಿ ಜಪಾನಿನ ವಿಜ್ಞಾನಿಗಳು ಬೆಳ್ಳುಳ್ಳಿಯ ಸಾರ ಥಯಾಮಿನ್ ಜೊತೆ ಸೇರಿದರೆ ಅದು ದೇಹಕ್ಕೆ ಇನ್ನೂ ಸುಲಭವಾಗಿ ಹತ್ತುತ್ತದೆ ಎಂದು ಕಂಡುಹಿಡಿದರು. ಆದರೆ ಸೇರಲು ಥಯಾಮಿನ್ ತಟ್ಟೆಯಲ್ಲಿ ಇರಬೇಕಲ್ಲ! ಇಡೀ ಕರ್ನಾಟಕವನ್ನು ಒಂದೇ ಮಾತಿನಲ್ಲಿ ದೂರುವಂತೆಯೂ ಇಲ್ಲ. ದಕ್ಷಿಣ ಕನ್ನಡದ ಬಾಣಂತಿ ಚೇಚಿಯಂತೆಯೇ ಕುಚ್ಚಲಕ್ಕಿ ಗಂಜಿ, ಮೆಂತೆ ಗಂಜಿ ಕುಡಿಯುತ್ತಾಳೆ. ಧಾರವಾಡದ ಕಡೆ ಅಂಟಿನುಂಡೆ, ಅಳವಿ ಪಾಯಸ, ಕೊಬ್ಬರಿ ಖಾರೀಕಿನ ಸಮೃದ್ಧಿ. ಬರಿ ಅನ್ನ ಸಾರಿನ ಕಟ್ಟು ಬಿಗಿಯಾಗಿರುವುದು ನಮ್ಮ ಬಯಲುಸೀಮೆಯ ಕೆಲವು ಮನೆಗಳಲ್ಲಿ.

ನಮ್ಮ ಮನೆಯಲ್ಲಿ ಆದದ್ದೇನೆಂದರೆ, ತಂಗಿಯೇ ಮಧ್ಯದ ದಾರಿ ಹುಡುಕಿಕೊಂಡಳು. ಮಧ್ಯಾಹ್ನ ಅಮ್ಮನ ಅನ್ನ ಸಾರಿಗೆ ತೊಗರಿಬೇಳೆ ಕಟ್ಟು ಸೇರಿತು, ರಾತ್ರಿಗೆ ಚೇಚಿಯ ಮಟ್ಟ ಅಕ್ಕಿ. ಮೀನು ಮಾತ್ರ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಹೋಗುವ ದಿನ ಅಮ್ಮ ಉಳ್ಳಿಲೇಹ್ಯ ಮಾಡುವ ಕ್ರಮವನ್ನು ಬರೆಸಿಕೊಂಡೇ ಹೋದರು.

ಆರು ತಿಂಗಳು ಕಳೆದರೆ ಕೂಸಿನ ಊಟ ತಾಯಿಯ ತಟ್ಟೆಯಿಂದ ಬೇರೆಯಾಗುತ್ತದೆ. ಇಲ್ಲಿ ಅದಕ್ಕೆ ಚೋರೂಣು, ಹರಕೆ ಇದ್ದವರು ಗುರುವಾಯೂರಿಗೆ ಹೋಗುತ್ತಾರೆ. ಮುಂದೆ ಕುನ್ನನ್ ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಪುಡಿ ಮಾಡಿ ಕಾಯಿಸಿದ 'ಕುರುಕ್ಕು', ಅಥವಾ ಕೂವೆ ಹಿಟ್ಟಿನದು. ನಮ್ಮಲ್ಲಿ ರಾಗಿ ಸರಿ. ನಡುವೆ ಒಂದಷ್ಟು ಕಾಲ ಡಬ್ಬಿ ಹಾಲಿನ ಪುಡಿ ಎರಡನ್ನೂ ಮೂಲೆಗೆ ತಳ್ಳಿತ್ತು. ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಸಿದ್ಧವಾದದ್ದು ನಮ್ಮ ಮೈಸೂರಿನಲ್ಲೇ, 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಆಹಾರ ಸಂಶೋಧನಾಲಯದಲ್ಲಿ. ಅಮುಲ್ ಡಬ್ಬಿಯ ಮೂಲ ಅದು. ತಾಯಿಯಿಲ್ಲದ ಕೂಸಿಗೆ ಅದು ವರವಾಯಿತು, ಆದರೆ ಜಾಹೀರಾತು ಅದನ್ನು ತಾಯಿಯಿದ್ದ ಕೂಸಿಗೂ ಕುಡಿಸಿತು. 1992ರ ಕಾಯ್ದೆ ಜಾಹೀರಾತನ್ನು ನಿಲ್ಲಿಸಿತು. ಆ ಡಬ್ಬಿಗಳ ಮೇಲೆ ಇಂದು ಗುಂಡು ಕೆನ್ನೆಯ ಮಗುವಿನ ಚಿತ್ರ ಇಲ್ಲದಿರುವುದಕ್ಕೂ ಅದೇ ಕಾರಣ.

ಅದೇ ಮೈಸೂರಿನ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿದರು. ಮೊಳಕೆ ಬಂದರೆ ಹಿಟ್ಟು ಅಂಟು ಗಟ್ಟದೆ ತೆಳುವಾಗಿ ಬೇಯುತ್ತದೆ, ಹಾಗಾಗಿ ಪುಟ್ಟ ಹೊಟ್ಟೆಗೆ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹೋಗುತ್ತದೆ. ಗಡಿಯ ಈಚೆ, ಕನ್ನಡಿಗರ ಕಾಸರಗೋಡಿನ ತೋಟಬೆಳೆ ಸಂಶೋಧನಾ ಕೇಂದ್ರ ಗೋಧಿ, ಕಡಲೆ, ಸೋಯಾ, ಶೇಂಗಾ, ಸಕ್ಕರೆ ಬೆರೆಸಿದ 'ಅಮೃತಂ ನ್ಯೂಟ್ರಿಮಿಕ್ಸ್' ರೂಪಿಸಿತು. ಕುಟುಂಬಶ್ರೀಯ ಹೆಂಗಸರು ಅದನ್ನು ಹುರಿದು ಬೀಸಿ ಕೇರಳದ ಅಂಗನವಾಡಿಗಳಿಗೆಲ್ಲ ಕಳಿಸುತ್ತಾರೆ.

ರಾಗಿಯನ್ನು ಮಲಯಾಳಿಗಳೂ ಬಿಟ್ಟಿಲ್ಲ. ನಾವು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಹಿಟ್ಟನ್ನು ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿಯುತ್ತೇವೆ. ಚೇಚಿ ನೆನೆಸಿ ರುಬ್ಬಿ, ಹಾಲು ಹಿಂಡಿ, ಕಲ್ಲುಸಕ್ಕರೆ ಹಾಕಿ ಕಾಯಿಸುತ್ತಾರೆ. ಅದನ್ನು ಹಿಂಡಲು ಅವರು ಒಗೆದು ಒಗೆದು ನವಿರಾದ ಹಳೆಯ ಮುಂಡನ್ನೇ ಹುಡುಕುತ್ತಾರೆ, ಅಮ್ಮ ಅಪ್ಪನ ಹಳೆಯ ಪಂಚೆಯನ್ನು ಹರಿದಿಟ್ಟುಕೊಳ್ಳುತ್ತಿದ್ದಂತೆ.